ಚಂದಾ ಎತ್ತಿದ ಮೇಲೆ

2019ರ ಬೇಸಿಗೆ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್ಫಾರ್ನ್‌ನಲ್ಲಿ ಉತ್ಖನನ ನಡೆದಿತ್ತು. ಭರತ ಬಂದಾಗ ದ್ವೀಪ, ಇಳಿದಾಗ ನಡೆದು ಹೋಗಬಹುದಾದ ಊರು ಅದು. ತಂಡದ ಸದಸ್ಯರೊಬ್ಬರ ತಾಯಿ ಕೆಲಸ ನೋಡಲೆಂದು ಬಂದವರು ತಾವೂ ಕರ್ಣಿ ಹಿಡಿದು ಕುಳಿಗೆ ಇಳಿದರು. ಮಣ್ಣಿನಿಂದ ಎದ್ದದ್ದು ಮಿಠಾಯಿಯಷ್ಟು ಪುಟ್ಟದೊಂದು ಗಾಜಿನ ಕಾಯಿ. ನೀಲಿ ಮೈಮೇಲೆ ಬಿಳಿ ಸುರುಳಿ, ನೆತ್ತಿಯ ಮೇಲೆ ಕಿರೀಟದಂತೆ ಐದು ಬಿಳಿ ಗಾಜಿನ ಹನಿಗಳು. ಎಂಟು–ಒಂಬತ್ತನೆಯ ಶತಮಾನದ ಜನ ಹಲಗೆಯ ಮೇಲೆ ಆಡುತ್ತಿದ್ದ ಆಟದ ಕಾಯಿ ಇರಬೇಕೆಂದು ತಜ್ಞರು ಹೇಳಿದರು. 793ರಲ್ಲಿ ವೈಕಿಂಗರು ನುಗ್ಗಿ ಮಠವನ್ನು ದೋಚಿದರಲ್ಲ, ಅದೇ ನೆಲ.

ಕಾಯಿ ಪತ್ರಿಕೆಗಳಲ್ಲಿ ಮಿಂಚಿತು. ಆ ಕುಳಿ ತೋಡಲು ದುಡ್ಡು ಎಲ್ಲಿಂದ ಬಂತೆಂಬ ಕತೆಗೆ ಅಷ್ಟು ಜಾಗ ಸಿಗಲಿಲ್ಲ. ಡರ್ಹಮ್ ವಿಶ್ವವಿದ್ಯಾಲಯದ ಜೊತೆ ಸೇರಿ 2016ರಿಂದ ಅಲ್ಲಿ ಅಗೆಯುತ್ತಿದ್ದ ಡಿಗ್‌ವೆಂಚರ್ಸ್ ತನ್ನನ್ನು ಸಾಮಾಜಿಕ ಉದ್ಯಮ ಎಂದು ಕರೆದುಕೊಳ್ಳುವ ಸಂಸ್ಥೆ. ಅದು ಅಂತರ್ಜಾಲದಲ್ಲಿ ಜೋಳಿಗೆ ಹಿಡಿದು ಸಾರ್ವಜನಿಕರಿಂದ ಹಣ ಕೂಡಿಸುತ್ತದೆ, ಕೊಟ್ಟವರನ್ನೇ ಕುಳಿಗೂ ಇಳಿಸುತ್ತದೆ, ಸಿಕ್ಕಿದ್ದರ ದಾಖಲೆಯನ್ನು ಅಂತರ್ಜಾಲದಲ್ಲೇ ತೆರೆದಿಡುತ್ತದೆ.

ಇಲ್ಲಿ ಮೂರು ಸಂಗತಿಗಳು ಒಂದೇ ಎಳೆಯಲ್ಲಿ ಕೂಡಿವೆ. ಒಂದು, ಲಾಭ ಹಂಚಿಕೊಳ್ಳುವುದಕ್ಕಿಂತ ಸಮಾಜದ ಕೆಲಸ ಮುಖ್ಯ ಎನ್ನುತ್ತಲೇ ವ್ಯವಹಾರವನ್ನೂ ನಡೆಸುವ ಸಾಮಾಜಿಕ ಉದ್ಯಮ. ಇನ್ನೊಂದು, ಸಾವಿರಾರು ಜನರಿಂದ ಸಣ್ಣ ಮೊತ್ತ ಕೂಡಿಸುವ ಕ್ರೌಡ್‌ಫಂಡಿಂಗ್. ಮೂರನೆಯದು, ಇತಿಹಾಸ, ಸಾಹಿತ್ಯ, ಭಾಷೆ, ಕಲೆಗಳ ಸಾಮಗ್ರಿಯನ್ನು ಕಂಪ್ಯೂಟರಿಗೆ ತಂದು ಹುಡುಕಲು, ಹೋಲಿಸಲು, ಹಂಚಲು ಬರುವಂತೆ ಮಾಡುವ ಡಿಜಿಟಲ್ ಮಾನವಿಕ. ಮೂರೂ ಜೊತೆಯಾದಾಗ ಏನಾಗುತ್ತದೆ ಎನ್ನುವುದಕ್ಕೆ ಕಳೆದ ಹದಿನೈದು ವರ್ಷಗಳಲ್ಲಿ ಸಾಕಷ್ಟು ಸಾಕ್ಷಿ ಸಿಕ್ಕಿದೆ. ಗೆದ್ದದ್ದೂ ಇದೆ, ಎಡವಿದ್ದೂ ಇದೆ.

ಪದ ಹೊಸದು, ಪದ್ಧತಿ ಹಳೆಯದು. 1715ರಿಂದ ಆರು ಸಂಪುಟಗಳಲ್ಲಿ ಬಂದ ಅಲೆಕ್ಸಾಂಡರ್ ಪೋಪನ ಇಲಿಯಡ್ ಅನುವಾದಕ್ಕೆ ಚಂದಾದಾರರು ಮುಂಗಡ ಕೊಟ್ಟಿದ್ದರು, ಅವರ ಹೆಸರುಗಳನ್ನು ಪುಸ್ತಕದಲ್ಲೇ ಅಚ್ಚು ಹಾಕಲಾಗಿತ್ತು. ಕನ್ನಡದವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀದಿ ಗಣಪತಿಯ ರಸೀತಿ ಪುಸ್ತಕ ಕಾಣದವರು ಯಾರು? ಪವನ್ ಕುಮಾರ್ 2013ರಲ್ಲಿ ‘ಲೂಸಿಯಾ’ ತೆಗೆದದ್ದೂ ಪ್ರೇಕ್ಷಕರು ಮೊದಲೇ ಹಾಕಿದ ಸುಮಾರು 50 ಲಕ್ಷ ರೂಪಾಯಿಯಿಂದ. ಸಿನಿಮಾ ಮಾತ್ರ ಒಂದು ಶುಕ್ರವಾರ ಬಿಡುಗಡೆಯಾಗಿ ಮುಗಿಯುವ ಸರಕು. ದತ್ತಸಂಚಯ, ನಿಘಂಟು, ಧ್ವನಿ ಭಂಡಾರ ಬಿಡುಗಡೆಯಾದ ದಿನದಿಂದಲೇ ಖರ್ಚು ಕೇಳಲು ಶುರುಮಾಡುತ್ತವೆ. ಈ ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ.

ಡಿಗ್‌ವೆಂಚರ್ಸ್ ಹೆಸರು ಮಾಡಿದ್ದು 2012ರಲ್ಲಿ, ಪೀಟರ್‌ಬರೊ ಸಮೀಪದ ಫ್ಲ್ಯಾಗ್ ಫೆನ್‌ನಲ್ಲಿ. 1982ರಲ್ಲಿ ಪುರಾತತ್ತ್ವಜ್ಞ ಫ್ರಾನ್ಸಿಸ್ ಪ್ರಯರ್ ಕಾಲುವೆಯ ಅಂಚಿನಲ್ಲಿ ನಡೆಯುವಾಗ ಕಾಲಿಗೆ ಮರದ ತುಂಡೊಂದು ತಗುಲಿ, ಅದರಿಂದ ಮೂರು ಸಾವಿರ ವರ್ಷ ಹಿಂದಿನ ಕಂಚಿನ ಯುಗದ ಮರದ ಸೇತುದಾರಿ ಬೆಳಕಿಗೆ ಬಂದ ಜಾಗವಿದು. ಕೆಸರಿನಲ್ಲಿ ನೆನೆದಷ್ಟು ಕಾಲ ಮರ ಉಳಿದಿತ್ತು. ಸುತ್ತಲಿನ ಹೊಲಗಳಿಗಾಗಿ ನೀರು ಬಸಿದುಹೋದಂತೆ ಒಣಗಿ ಕೆಡತೊಡಗಿತು. ಎಷ್ಟು ಕೆಟ್ಟಿದೆ ಎಂದು ತಿಳಿಯಬೇಕಾದರೆ ಅಗೆಯಲೇಬೇಕು, ಅಗೆಯಲು ಸರ್ಕಾರದ ಬಳಿ ಕಾಸಿಲ್ಲ. 2008ರ ಆರ್ಥಿಕ ಕುಸಿತದ ನಂತರ ಬ್ರಿಟನ್ನಿನಲ್ಲಿ ಪುರಾತತ್ತ್ವದವರ ಕೆಲಸಗಳಿಗೇ ಕತ್ತರಿ ಬಿದ್ದಿದ್ದ ಕಾಲ. ಲಿಸಾ ವೆಸ್ಟ್‌ಕಾಟ್ ವಿಲ್ಕಿನ್ಸ್, ಬ್ರೆಂಡನ್ ವಿಲ್ಕಿನ್ಸ್, ರಕ್ಷಾ ದವೆ ಮೂವರೂ ಸೇರಿ ನೇರವಾಗಿ ಜನರ ಮುಂದೆ ಕೈಚಾಚಿದರು. ಕೇಳಿದ್ದು 25,000 ಪೌಂಡ್. ಗುರಿ ಮುಟ್ಟಿತು.

ಜನ ಕೊಟ್ಟದ್ದು ಯಾಕೆ ಎನ್ನುವುದು ಗಮನಿಸಬೇಕಾದ್ದು. ವರದಿ ಬರೆಯುತ್ತೇವೆ, ದಾಖಲೆ ಇಡುತ್ತೇವೆ ಎಂದು ಕೇಳಿದ್ದರೆ ಬಹುಶಃ ಕಾಲು ಭಾಗವೂ ಕೂಡುತ್ತಿರಲಿಲ್ಲ. ‘ಬನ್ನಿ, ನಿಮ್ಮ ಕೈಯಿಂದಲೇ ಅಗೆಯಿರಿ’ ಎಂದದ್ದು ಕೆಲಸ ಮಾಡಿತು. ಡಿಜಿಟಲ್ ಭಾಗ ಆ ಕೆಸರಿನ ಹಿಂದೆ ಸದ್ದಿಲ್ಲದೆ ಬಂತು. ಕುಳಿಯ ಪಕ್ಕದಲ್ಲೇ ಮೊಬೈಲು, ಟ್ಯಾಬ್ಲೆಟ್ ಹಿಡಿದು ಪ್ರತಿ ಪದರ, ಪ್ರತಿ ಚೂರಿನ ವಿವರವನ್ನು ತುಂಬುವುದು, ಅದನ್ನು ಅಂದೇ ಎಲ್ಲರಿಗೂ ಕಾಣಿಸುವುದು. ಪುರಾತತ್ತ್ವದಲ್ಲಿ ಇದು ಸಣ್ಣ ಮಾತಲ್ಲ. ಅಗೆದ ಮೇಲೆ ವರದಿ ಹತ್ತಿಪ್ಪತ್ತು ವರ್ಷ ಪೆಟ್ಟಿಗೆಯಲ್ಲೇ ಉಳಿಯುವುದು ಆ ಶಾಸ್ತ್ರದ ಹಳೇ ಕಾಯಿಲೆ. ಹಣ ಕೊಟ್ಟ ಇನ್ನೂರು ಮುನ್ನೂರು ಜನ ದಿನವೂ ಇಣುಕಿ ನೋಡುತ್ತಿದ್ದರೆ ದಾಖಲೆ ಬಾಕಿ ಇಡುವುದು ಕಷ್ಟ. ಸಮೂಹದ ಹಣದ ದೊಡ್ಡ ಉಪಕಾರ ಬಹುಶಃ ಹಣವಲ್ಲ, ಈ ಕಾವಲು.

ಪುಸ್ತಕದ ಲೋಕಕ್ಕೆ ಬಂದರೆ ಲೆಕ್ಕ ಬೇರೆ. ಅಮೆರಿಕದ ಎರಿಕ್ ಹೆಲ್ಮನ್ 2012ರ ಮೇ ತಿಂಗಳಲ್ಲಿ ಅನ್‌ಗ್ಲೂ.ಇಟ್ ಎಂಬ ತಾಣ ತೆರೆದರು. ಹಕ್ಕುಸ್ವಾಮ್ಯದ ಗೋಂದು ಅಂಟಿಕೊಂಡ ಪುಸ್ತಕವನ್ನು ಬಿಡಿಸುವುದು ಅದರ ಉದ್ದೇಶ. ಲೇಖಕರು ಒಂದು ಮೊತ್ತ ಹೇಳುತ್ತಾರೆ, ಓದುಗರು ಅಷ್ಟು ಕೂಡಿಸಿದರೆ ಪುಸ್ತಕದ ವಿದ್ಯುನ್ಮಾನ ಪ್ರತಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಲೋಕಕ್ಕೆಲ್ಲ ಉಚಿತ. ಮೊದಲ ಕಂತಿನಲ್ಲಿ ಐದು ಪುಸ್ತಕಗಳಿದ್ದವು. ದಡ ಮುಟ್ಟಿದ್ದು ಒಂದೇ. ಕತೆ, ಕಾದಂಬರಿಗಳು ಹಿಂದೆ ಬಿದ್ದು, ಮಾನವಶಾಸ್ತ್ರಜ್ಞೆ ರೂತ್ ಫಿನಿಗನ್ 1970ರಲ್ಲಿ ಬರೆದ, ಆಫ್ರಿಕದ ಮೌಖಿಕ ಸಾಹಿತ್ಯ ಕುರಿತ ದಪ್ಪ ವಿದ್ವತ್ ಗ್ರಂಥ ಗೆದ್ದಿತು. ಅದಕ್ಕೆ ಬೇಕಾಗಿದ್ದು 7,500 ಡಾಲರ್. ಆಫ್ರಿಕದ ಹಾಡು, ಕತೆ, ಗಾದೆಗಳ ಬಗ್ಗೆ ಮೂಲಾಧಾರವೆನ್ನಿಸಿಕೊಂಡ ಆ ಪುಸ್ತಕ ಆಫ್ರಿಕದ ವಿದ್ಯಾರ್ಥಿಗಳಿಗೇ ದುರ್ಲಭವಾಗಿತ್ತು. ಜನ ಆ ಅನ್ಯಾಯವನ್ನು ಕಂಡು ಕೊಟ್ಟರು.

ಹೊಸ ಆವೃತ್ತಿ ತಂದದ್ದು ಕೇಂಬ್ರಿಜ್‌ನ ಓಪನ್ ಬುಕ್ ಪಬ್ಲಿಷರ್ಸ್. 2008ರಲ್ಲಿ ವಿದ್ವಾಂಸರೇ ಕಟ್ಟಿದ, ಬ್ರಿಟಿಷ್ ಕಾನೂನಿನಲ್ಲಿ ‘ಸಮುದಾಯ ಹಿತದ ಕಂಪನಿ’ ಎಂದು ನೋಂದಾಯಿಸಿಕೊಂಡ ಪ್ರಕಾಶನ ಅದು. 1960ರ ದಶಕದಲ್ಲಿ ಫಿನಿಗನ್ ಸಿಯೆರಾ ಲಿಯೋನ್‌ನ ಲಿಂಬಾ ಜನರ ನಡುವೆ ಧ್ವನಿಮುದ್ರಿಸಿದ ಕತೆಗಳನ್ನೂ ಅಂತರ್ಜಾಲದಲ್ಲಿ ಪುಸ್ತಕದ ಜೊತೆ ಕೇಳುವಂತಾಯಿತು. ಕಾಗದದ ಮೇಲೆ ನಲವತ್ತು ವರ್ಷ ಮೂಕವಾಗಿದ್ದ ಕತೆಗಾರರ ದನಿ ಓದುಗನ ಕಿವಿಗೆ ಬಿತ್ತು. ಡಿಜಿಟಲ್ ಮಾನವಿಕ ಎಂದರೇನು ಎಂದು ಕೇಳುವವರಿಗೆ ಹತ್ತು ವ್ಯಾಖ್ಯಾನಕ್ಕಿಂತ ಈ ಒಂದು ಉದಾಹರಣೆ ಸಾಕು.

2012ರ ಆಗಸ್ಟ್‌ನಲ್ಲಿ ಅನ್‌ಗ್ಲೂ.ಇಟ್‌ಗೆ ಹೊಡೆತ ಬಿತ್ತು. ಹಣ ಪಾವತಿಗೆ ಆಶ್ರಯಿಸಿದ್ದ ಅಮೆಜಾನಿನ ಸೇವೆ ಇಂಥ ವಾಗ್ದಾನದ ಹಣವನ್ನು ಇನ್ನು ನಿರ್ವಹಿಸುವುದಿಲ್ಲ ಎಂದಿತು. ಓಡುತ್ತಿದ್ದ ಅಭಿಯಾನಗಳು ನಿಂತವು. ಬೇರೆ ಪಾವತಿ ದಾರಿ ಹುಡುಕಿ ಮತ್ತೆ ಶುರುಮಾಡಿದರೂ ಮೊದಲಿನ ಬಿಸಿ ಆರಿತ್ತು. ಚಂದಾ ಎತ್ತುವವರು ಎಷ್ಟೇ ಪ್ರಾಮಾಣಿಕರಿರಲಿ, ಹುಂಡಿಯ ಕೀಲಿಕೈ ಇನ್ಯಾರದೋ ಜೇಬಿನಲ್ಲಿರುತ್ತದೆ.

ಬಿಡಿ ಓದುಗರ ಬದಲು ಗ್ರಂಥಾಲಯಗಳನ್ನೇ ಗುಂಪಾಗಿಸಿದರೆ? ಫ್ರಾನ್ಸಿಸ್ ಪಿಂಟರ್ 2012ರಲ್ಲಿ ಲಂಡನ್ನಿನಲ್ಲಿ ನಾಲೆಡ್ಜ್ ಅನ್‌ಲಾಚ್ಡ್ ಕಟ್ಟಿದ್ದು ಈ ಯೋಚನೆಯ ಮೇಲೆ. ಇದೂ ಸಮುದಾಯ ಹಿತದ ಕಂಪನಿಯೇ. ಮೊದಲ ಪ್ರಯೋಗದಲ್ಲಿ 13 ಪ್ರಕಾಶಕರ 28 ಮಾನವಿಕ ಮತ್ತು ಸಮಾಜವಿಜ್ಞಾನ ಗ್ರಂಥಗಳಿದ್ದವು. ಸುಮಾರು 300 ಗ್ರಂಥಾಲಯಗಳು ಸೇರಿದವು. ಹೆಚ್ಚು ಜನ ಸೇರಿದಷ್ಟೂ ತಲೆಯ ಪಾಲು ಇಳಿಯುವ ಲೆಕ್ಕ ಅದು. ಕೊನೆಗೆ ಒಂದು ಗ್ರಂಥಾಲಯಕ್ಕೆ ಪುಸ್ತಕವೊಂದಕ್ಕೆ ಬಿದ್ದದ್ದು 43 ಡಾಲರಿಗಿಂತ ಕಡಿಮೆ. ವಿದ್ವತ್ ಗ್ರಂಥವೊಂದರ ಅಚ್ಚಿನ ಪ್ರತಿ ಕೊಳ್ಳಲು ಇದಕ್ಕಿಂತ ಹೆಚ್ಚು ಬೇಕಾಗುವುದೇ ಸಾಮಾನ್ಯ. ಈಗ ಅದೇ ಪುಸ್ತಕ ಇಡೀ ಜಗತ್ತಿಗೆ ಉಚಿತ. ಲೆಕ್ಕ ನೋಡಿದವರು ತಲೆದೂಗಿದರು.

ಮುಂದಿನ ಅಧ್ಯಾಯ ಅಷ್ಟು ಮಧುರವಲ್ಲ. ಕೆಲವೇ ವರ್ಷಗಳಲ್ಲಿ ಕೆಲಸ ಬರ್ಲಿನ್ನಿನ ಖಾಸಗಿ ಕಂಪನಿಯೊಂದರ ಕೈಗೆ ಹೋಯಿತು. 2021ರ ಡಿಸೆಂಬರಿನಲ್ಲಿ ಆ ಕಂಪನಿಯನ್ನು ದೈತ್ಯ ಪ್ರಕಾಶಕ ವೈಲಿ ಕೊಂಡುಕೊಂಡಿತು. ಬಿಡುಗಡೆಯಾದ ಪುಸ್ತಕಗಳು ಬಿಡುಗಡೆಯಾಗಿಯೇ ಉಳಿದಿವೆ, ಪರವಾನಗಿಯನ್ನು ಯಾರೂ ಹಿಂದಕ್ಕೆ ಕಸಿಯಲಾರರು. ಗ್ರಂಥಾಲಯಗಳ ಒಗ್ಗಟ್ಟು, ಅವರ ಹೆಸರಿನ ಪಟ್ಟಿ, ನಂಬಿಕೆ ಮಾತ್ರ ಹಣ ಕೊಟ್ಟವರನ್ನು ಕೇಳದೆಯೇ ಕೈ ಬದಲಾಯಿಸಿದವು. ಸಮುದಾಯ ಹಿತದ ಕಂಪನಿಗಳಿಗೆ ಬ್ರಿಟಿಷ್ ಕಾನೂನು ‘ಆಸ್ತಿ ಬೀಗ’ ಎಂಬುದನ್ನು ಹಾಕಿದೆ, ಸಂಸ್ಥೆಯ ಆಸ್ತಿಯನ್ನು ಖಾಸಗಿ ಲಾಭಕ್ಕೆ ತಿರುಗಿಸುವಂತಿಲ್ಲ. ಆದರೆ ನಂಬಿಕೆಗೆ ಬೀಗ ಹಾಕುವ ಕಾನೂನು ಯಾವ ದೇಶದಲ್ಲೂ ಇಲ್ಲ.

ಶುದ್ಧ ವ್ಯಾಪಾರಿ ದಾರಿ ಹಿಡಿದವರ ಗತಿಯೂ ನೋಡುವಂಥದ್ದೇ. ಓದುಗರ ಮುಂಗಡದಿಂದ ಪುಸ್ತಕ ತರುತ್ತಿದ್ದ ಲಂಡನ್ನಿನ ಅನ್‌ಬೌಂಡ್ 2011ರಲ್ಲಿ ಶುರುವಾಗಿ, 2014ರಲ್ಲಿ ಪಾಲ್ ಕಿಂಗ್ಸ್‌ನಾರ್ತ್ ಅವರ ಕಾದಂಬರಿಯನ್ನು ಬೂಕರ್ ಪ್ರಶಸ್ತಿಯ ಉದ್ದ ಪಟ್ಟಿಗೂ ಮುಟ್ಟಿಸಿ, 2025ರ ಮಾರ್ಚ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು.

ಗೆಲುವಿಗೆ ಒಂದು ಆಕಾರವಿದೆ. ಪಿಯಾನೋ ಕಲಾವಿದೆ ಕಿಮಿಕೊ ಇಶಿಝಾಕಾ ಮತ್ತು ಸ್ವರಲಿಪಿ ತಂತ್ರಾಂಶ ಮ್ಯೂಸ್‌ಸ್ಕೋರ್‌ನ ತಂಡದವರು 2011ರಲ್ಲಿ ಕ್ರೌಡ್‌ಫಂಡಿಂಗ್ ತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಕೂಡಿಸಿ, ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್‌ನ ಹೊಸ ಡಿಜಿಟಲ್ ಸ್ವರಲಿಪಿಯನ್ನೂ ಧ್ವನಿಮುದ್ರಣವನ್ನೂ 2012ರಲ್ಲಿ ಯಾವ ಹಕ್ಕೂ ಉಳಿಸಿಕೊಳ್ಳದೆ ಸಾರ್ವಜನಿಕರಿಗೆ ಬಿಟ್ಟರು. ಸ್ವರಲಿಪಿಯ ತಪ್ಪುಗಳನ್ನು ಯಾರು ಬೇಕಾದರೂ ತಿದ್ದಬಹುದಾಗಿತ್ತು. ಅದರ ಮುಂದಿನ ಯೋಜನೆಯಲ್ಲಿ ದೃಷ್ಟಿಹೀನ ಸಂಗೀತಗಾರರಿಗೆ ಬ್ರೈಲ್ ಸ್ವರಲಿಪಿಯೂ ಸೇರಿತು. ಆರಂಭವಿದೆ, ಅಂತ್ಯವಿದೆ, ಕೈಗೆ ಸಿಗುವ ವಸ್ತುವಿದೆ. ಮುಗಿದ ಮೇಲೆ ಕಡತವನ್ನು ಹತ್ತು ಕಡೆ ಇಟ್ಟರೆ ಆಯಿತು, ಸಂಬಳ ಕೊಡಬೇಕಾದವರು ಯಾರೂ ಇಲ್ಲ. ಇಂಥದ್ದಕ್ಕೆ ಕ್ರೌಡ್‌ಫಂಡಿಂಗ್ ಹೇಳಿ ಮಾಡಿಸಿದ ಜೋಡಿ.

ವೇದಿಕೆಗಳಲ್ಲಿ ಈ ಸೂಕ್ಷ್ಮವನ್ನು ಚೆನ್ನಾಗಿ ಹಿಡಿದದ್ದು ಸ್ಪೇನಿನ ಗೊತೆಯೊ. ಬಾರ್ಸಿಲೋನಾದ ಪ್ಲಾಟೊನಿಕ್ ಗುಂಪು 2011ರಲ್ಲಿ ತೆರೆದ ಈ ತಾಣವನ್ನು ಲಾಭರಹಿತ ಪ್ರತಿಷ್ಠಾನವೊಂದು ನಡೆಸುತ್ತದೆ. ಇಲ್ಲಿ ಹಣ ಕೇಳುವವರು ಕೊಟ್ಟವರಿಗೆ ಟೀ ಶರ್ಟು, ಬಟ್ಟಲು ಕೊಟ್ಟರೆ ಸಾಲದು. ಕೊಡದವರಿಗೂ ಏನಾದರೂ ದಕ್ಕಬೇಕು, ಅಂದರೆ ಮುಕ್ತ ಪರವಾನಗಿಯ ಪಠ್ಯವೋ ತಂತ್ರಾಂಶವೋ ಕೈಪಿಡಿಯೋ. 40 ದಿನಗಳ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಕೆಲಸ ಶುರುಮಾಡಲು ಬೇಕಾದ ಕನಿಷ್ಠ ಮೊತ್ತ, ಎರಡನೆಯದರಲ್ಲಿ ಚೆನ್ನಾಗಿ ಮಾಡಲು ಬೇಕಾದದ್ದು. ಮದುವೆಗೆ ಎಷ್ಟು, ಸಂಸಾರಕ್ಕೆ ಎಷ್ಟು ಎಂದು ಬೇರೆ ಬೇರೆ ಕೇಳಿದ ಹಾಗೆ.

ಭಾರತದಲ್ಲಿ ಕತೆ ಇನ್ನೊಂದು ತೆರ. ಪಿ. ಸಾಯಿನಾಥ್ 2014ರ ಡಿಸೆಂಬರಿನಲ್ಲಿ ಆರಂಭಿಸಿದ ಗ್ರಾಮೀಣ ಭಾರತದ ಜನರ ಪತ್ರಾಗಾರ ‘ಪರಿ’ ಒಂದು ಟ್ರಸ್ಟಿನ ಆಸರೆಯಲ್ಲಿ, ಓದುಗರ ದೇಣಿಗೆ ಮತ್ತು ಸ್ವಯಂಸೇವಕರ ದುಡಿಮೆಯ ಮೇಲೆ ನಿಂತಿದೆ. ಕನ್ನಡದಲ್ಲೂ ಓದಲು ಸಿಗುತ್ತದೆ. ಅದರೊಳಗಿನ ಬೀಸುಕಲ್ಲಿನ ಪದಗಳ ಸಂಗ್ರಹ ಬೆರಗು ಹುಟ್ಟಿಸುವಂಥದ್ದು. ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತ್ವಾಂ ಮಹಾರಾಷ್ಟ್ರದ ಸಾವಿರಕ್ಕೂ ಹೆಚ್ಚು ಹಳ್ಳಿಗಳ ಹೆಂಗಸರಿಂದ ಬರೆದುಕೊಂಡ ಒಂದು ಲಕ್ಷಕ್ಕೂ ಮೀರಿದ ಓವಿಗಳು ಅಲ್ಲಿವೆ. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದಾಗ ಹಾಡೂ ಮೂಲೆ ಸೇರಿತ್ತು. ಒಂದೊಂದೇ ಓವಿಗೆ ಧ್ವನಿ, ಮರಾಠಿ ಪಠ್ಯ, ಅನುವಾದ, ಹಾಡಿದವಳ ಹೆಸರು, ಊರು ಜೋಡಿಸಿ 2017ರಿಂದ ಅದು ಹೊರಬರುತ್ತಿದೆ. ನಮ್ಮ ಬೀಸುವ ಪದ, ಕುಟ್ಟುವ ಪದಗಳಿಗೂ ಇಂಥದೊಂದು ಮನೆ ಬೇಕಲ್ಲ ಎಂದು ಅದನ್ನು ಕೇಳುವ ಯಾವ ಕನ್ನಡಿಗನಿಗಾದರೂ ಅನ್ನಿಸದೆ ಇರದು.

ಇತ್ತ ಭೌತವಿಜ್ಞಾನಿ ಗುನೀತಾ ಸಿಂಗ್ ಭಲ್ಲಾ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 2010ರಲ್ಲಿ ತೊಡಗಿದ 1947ರ ವಿಭಜನೆಯ ಪತ್ರಾಗಾರ, ತರಬೇತಾದ ಸ್ವಯಂಸೇವಕರಿಂದ ಹತ್ತು ಸಾವಿರಕ್ಕೂ ಹೆಚ್ಚು ಬಾಯ್ಮಾತಿನ ನೆನಪುಗಳನ್ನು ಕೂಡಿಸಿದೆ. ಸಾಕ್ಷಿಗಳು ವರ್ಷದಿಂದ ವರ್ಷಕ್ಕೆ ಕಣ್ಮುಚ್ಚುತ್ತಿದ್ದಾರೆ ಎಂಬ ಆತುರವೇ ಅಂಥ ಕೆಲಸಕ್ಕೆ ದೇಣಿಗೆ ತರುವ ಬಲ. ಗಣಕಕ್ಕೆ ಬಂದ ಹಳೆಯ ಪಠ್ಯದಲ್ಲಿ ಪೂರ್ಣವಿರಾಮ ಸರಿಯಿದೆಯೇ ಎಂದು ತಿದ್ದುವವರಿಗೆ ಆ ಬಲ ಸಿಗುವುದಿಲ್ಲ.

ಭಾರತದ ಕಾನೂನು ಇಂಥವರ ದಾರಿಯನ್ನು ಅಷ್ಟೇನೂ ಸಲೀಸು ಮಾಡಿಲ್ಲ. ಕಿಕ್‌ಸ್ಟಾರ್ಟರ್ ಭಾರತದ ವಿಳಾಸದಿಂದ ಯೋಜನೆ ಹಾಕಲು ಬಿಡುವುದಿಲ್ಲ. ಮಿಲಾಪ್, ಕೆಟ್ಟೊದಂಥ ದೇಶೀ ತಾಣಗಳಲ್ಲಿ ಆಸ್ಪತ್ರೆಯ ಬಿಲ್ಲುಗಳದ್ದೇ ಸಾಲು. ಮಗುವಿನ ಶಸ್ತ್ರಚಿಕಿತ್ಸೆಯ ಪಕ್ಕದಲ್ಲಿ ತಾಳೆಗರಿ ಸ್ಕ್ಯಾನಿಂಗಿಗೆ ಕೈಚಾಚಲು ಯಾರಿಗಾದರೂ ಸಂಕೋಚವೇ. ಇನ್ನು ಹೊರನಾಡ ಕನ್ನಡಿಗರು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ಡಲ್ಲಾಸಿನಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಊರಿನ ಸಂಸ್ಥೆಗೆ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪಕ್ಕದ ಮನೆಯಲ್ಲೇ ಇರುವ, ಅಮೆರಿಕದ ಪೌರತ್ವ ಪಡೆದ ಅಣ್ಣ ಅದೇ ನೂರು ಡಾಲರ್ ಕೊಟ್ಟರೆ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಎಫ್‌ಸಿಆರ್‌ಎಯಡಿ ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಗೆ ಅದು ಬರಬೇಕು. ನಾಲ್ಕು ಜನ ಸಂಜೆ ಹೊತ್ತು ಕೂತು ಹಳೆ ಪತ್ರಿಕೆ ಸ್ಕ್ಯಾನ್ ಮಾಡುವ ಗುಂಪಿಗೆ ಇದು ಏರಲಾಗದ ಮೆಟ್ಟಿಲು.

ಹೊಸ ಬಾಗಿಲೊಂದು ತೆರೆದಿದೆ. ಲಾಭರಹಿತ ಸಂಸ್ಥೆಗಳು ಷೇರುಪೇಟೆಯ ಮೂಲಕ ಹಣ ಎತ್ತಲು ಷೇರುಪೇಟೆಯ ನಿಯಂತ್ರಕ ಸೆಬಿ 2022ರಲ್ಲಿ ನಿಯಮ ರೂಪಿಸಿತು. ಅಲ್ಲಿ ಮಾರುವ ಪತ್ರಕ್ಕೆ ಬಡ್ಡಿಯೂ ಇಲ್ಲ, ಅಸಲೂ ವಾಪಸಿಲ್ಲ. ಶುದ್ಧ ದಾನಕ್ಕೆ ಷೇರುಪೇಟೆಯ ಅಂಗಿ. 2023ರ ಡಿಸೆಂಬರಿನಲ್ಲಿ ಅಲ್ಲಿ ಮೊದಲು ಹಣ ಎತ್ತಿದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್, ಯುವಜನರ ಕೌಶಲ ತರಬೇತಿಗೆ. ಕನಿಷ್ಠ ಮೊತ್ತವನ್ನು ಒಂದು ಕೋಟಿಯಿಂದ 50 ಲಕ್ಷಕ್ಕೆ ಇಳಿಸಿದ್ದಾರೆ. ವಚನಗಳನ್ನೋ ಶಾಸನಗಳನ್ನೋ ಗಣಕಕ್ಕೆ ತರುವವರಿಗೆ ಅದೂ ದೊಡ್ಡದೇ. ಕಂಪನಿಗಳ ಸಾಮಾಜಿಕ ಹೊಣೆಯ ಪಟ್ಟಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಗಳಿಗೂ ಜಾಗವಿದೆ, ಆದರೆ ಶಾಲೆಗೆ ಬೆಂಚು ಕೊಟ್ಟ ಫೋಟೊದಷ್ಟು ಚೆನ್ನಾಗಿ ದತ್ತಸಂಚಯದ ಫೋಟೊ ಬರುವುದಿಲ್ಲ.

ಬೆಂಗಳೂರಿನದೇ ಒಂದು ಪ್ರಕರಣ ಈ ಇಡೀ ಚರ್ಚೆಯನ್ನು ಮಣ್ಣಿಗೆ ಇಳಿಸುತ್ತದೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಲ್ಲೊಂದು ಸುಮಾರು ಕ್ರಿ.ಶ. 750ರ ಕನ್ನಡ ಶಾಸನವೆಂದು ತಿಳಿಯಿತು. ಗಂಗ ಶ್ರೀಪುರುಷನ ಕಾಲದಲ್ಲಿ ಹೋರಾಡಿ ಮಡಿದ ಕಿತ್ತಯ್ಯ ಎಂಬವನ ವೀರಗಲ್ಲು. ಶಾಸನಗಳ ಬೆನ್ನು ಹತ್ತಿದ್ದ ಪಿ.ಎಲ್. ಉದಯಕುಮಾರ್ ಮತ್ತು ಗೆಳೆಯರ ನಾಗರಿಕ ಗುಂಪು ಅದನ್ನು ಕಾಪಾಡಲು ಮುಂದಾಯಿತು. ಕಲ್ಲಿಗೆ ಮಂಟಪ ಎದ್ದದ್ದು ಜನರು ಕೊಟ್ಟ ಹಣದಿಂದ. ಮುಂದೆ ಇದೇ ಆಸಕ್ತಿ 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಬೆಂಗಳೂರು ಸುತ್ತಲಿನ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ಯೋಜನೆಯಾಯಿತು. ಮೊದಲಾದರೆ ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ತಟ್ಟಿ, ಮಸಿ ಬಳಿದು ಪಡಿಯಚ್ಚು ತೆಗೆಯಬೇಕಿತ್ತು. ಈಗ ಸ್ಕ್ಯಾನರಿನ ಬೆಳಕು ಕಲ್ಲಿನ ಮೇಲೆ ಹರಿದು ಮಿಲಿಮೀಟರಿನ ಸಣ್ಣ ಭಾಗದಷ್ಟರ ಏರುತಗ್ಗನ್ನೂ ಹಿಡಿಯುತ್ತದೆ. ಪರದೆಯ ಮೇಲೆ ಬೆಳಕನ್ನು ಎಡದಿಂದ ಬಲಕ್ಕೆ ವಾಲಿಸಿದರೆ ಸವೆದ ಅಕ್ಷರದ ಅಂಚಿಗೆ ನೆರಳು ಬಿದ್ದು, ಬರಿಗಣ್ಣಿಗೆ ಬರೀ ಕಲ್ಲಾಗಿದ್ದ ಜಾಗದಲ್ಲಿ ಒತ್ತಕ್ಷರವೊಂದು ಮೂಡುತ್ತದೆ.

ಮಂಟಪಕ್ಕೆ ದುಡ್ಡು ಕೊಟ್ಟವನು ಹೋಗಿ ಮುಟ್ಟಿ ಬರಬಹುದು. ಸ್ಕ್ಯಾನ್ ಕಡತವನ್ನು ಮುಟ್ಟುವುದು ಹೇಗೆ? ಆ ಕಡತಕ್ಕೆ ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕು ಬೇಕು, ಮಾದರಿ ಹಳತಾದರೆ ಹೊಸ ಮಾದರಿಗೆ ತಿರುಗಿಸಬೇಕು, ಯಾವ ಕಲ್ಲಿನದು ಯಾವುದು ಎಂಬ ವಿವರಪಟ್ಟಿಯನ್ನು ಯಾರಾದರೂ ತಿದ್ದುತ್ತಿರಬೇಕು. ಇದಕ್ಕೆ ರಸೀತಿ ಹರಿಯುವುದು ಕಷ್ಟ. ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನ ಹಿಂದೆ ಒಬ್ಬರೇ ನಾಲ್ಕು ದಶಕ ದುಡಿದ ಒಂದೂವರೆ ಲಕ್ಷ ಪದಗಳಿವೆ. 2019ರಲ್ಲಿ ಅದು ಮುಕ್ತ ದತ್ತಸಂಚಯವಾಗಿ ಅಂತರ್ಜಾಲಕ್ಕೆ ಬಂತು. ಆ ನಲವತ್ತು ವರ್ಷಗಳನ್ನು ಯಾವ ಅಭಿಯಾನದ ಪುಟವೂ 40 ದಿನದ ಗುರಿಯಾಗಿ ತೋರಿಸಲಾರದು. ಇನ್ನೊಂದು ತುದಿಯಲ್ಲಿ, ಭಾರತೀಯ ಶಾಸ್ತ್ರೀಯ ಕೃತಿಗಳ ಮೂರ್ತಿ ಗ್ರಂಥಮಾಲೆಗೆ ರೋಹನ್ ಮೂರ್ತಿ 2010ರಲ್ಲಿ ಒಂದೇ ಸಲಕ್ಕೆ 52 ಲಕ್ಷ ಡಾಲರ್ ದತ್ತಿ ಇಟ್ಟರು. ರಾಘವಾಂಕನ ಹರಿಶ್ಚಂದ್ರ ಕಾವ್ಯ ಇಂಗ್ಲಿಷಿಗೆ ಬಂದದ್ದು ಅದರ ಬಲದಿಂದ. ಒಬ್ಬ ಸಿರಿವಂತನ ದತ್ತಿ, ಒಬ್ಬ ತಪಸ್ವಿಯ ಆಯುಷ್ಯ, ನಡುವೆ ಜನರ ಜೋಳಿಗೆ. ಜೋಳಿಗೆಗೆ ಉಳಿದೆರಡರ ಕೆಲಸ ಮಾಡಲು ಆಗುವುದಿಲ್ಲ.

ಸ್ಕ್ಯಾನರಿನಡಿ ಬರುತ್ತಿರುವ ಕಲ್ಲುಗಳಲ್ಲೇ ಹಳೆಯ ಉತ್ತರವೊಂದು ಕೊರೆದಿದೆ. ಕರ್ನಾಟಕದ ಎಷ್ಟೋ ದಾನಶಾಸನಗಳು ಗುಡಿ ಕಟ್ಟಿದ್ದರ ಬಗ್ಗೆ ಎರಡು ಸಾಲು ಹೇಳಿ, ನಂದಾದೀಪದ ಬಗ್ಗೆ ಹತ್ತು ಸಾಲು ಹೇಳುತ್ತವೆ. ಇಂತಿಷ್ಟು ಗದ್ಯಾಣ ಹೊನ್ನು ಇಟ್ಟಿದೆ, ಅದರ ಬಡ್ಡಿಯಿಂದ ದಿನಕ್ಕೆ ಇಂತಿಷ್ಟು ಎಣ್ಣೆ, ನೋಡಿಕೊಳ್ಳುವವರು ಇಂಥ ಊರಿನ ಇಂಥವರು. ಕೊನೆಗೆ ಶಾಪ. ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಅಸಲು ಮುಟ್ಟದ ನಿಧಿ, ಹೊಣೆಗಾರನ ಹೆಸರು, ಆಸ್ತಿ ಬೀಗ, ಮೂರೂ ಒಂದೇ ಕಲ್ಲಿನ ಮೇಲೆ. ಬ್ರಿಟನ್ ತನ್ನ ಬೀಗವನ್ನು ಕಾನೂನಾಗಿ ಬರೆದದ್ದು 2004ರಲ್ಲಿ.

ಹಾಗೆಂದು ಗುಡಿಯ ಪದ್ಧತಿಯನ್ನೇ ಇಳಿಸಿಕೊಳ್ಳಿ ಎಂದರೆ ಆದೀತೇ? ಸಣ್ಣ ತಂಡಗಳಿಗೆ ಇಡಲು ಹೊನ್ನಿಲ್ಲ. ಆದರೂ ಓಪನ್ ಬುಕ್ ಪಬ್ಲಿಷರ್ಸ್ ಗ್ರಂಥಾಲಯಗಳಿಂದ ವರ್ಷಕ್ಕಿಷ್ಟು ಸದಸ್ಯತ್ವ ಶುಲ್ಕ ಪಡೆಯುತ್ತದೆ, ಅಚ್ಚಿನ ಪ್ರತಿ ಮಾರುತ್ತದೆ. ಡಿಗ್‌ವೆಂಚರ್ಸ್ ತಿಂಗಳ ಚಂದಾದಾರರನ್ನು ಬೆಳೆಸಿಕೊಂಡಿದೆ, ಪುರಾತತ್ತ್ವದ ಕೋರ್ಸು ನಡೆಸುತ್ತದೆ. ಪರಿ ಓದುಗರಿಂದ ಬಿಡದೆ ದೇಣಿಗೆ ಕೇಳುತ್ತದೆ. ಸಾಮಾಜಿಕ ಉದ್ಯಮ ಎಂಬ ಪದದಲ್ಲಿ ‘ಉದ್ಯಮ’ಕ್ಕೆ ಅರ್ಥ ಬರುವುದು ಇಲ್ಲಿ, ಅಭಿಯಾನದ ಪುಟ ಮುಚ್ಚಿದ ಮಾರನೆಯ ದಿನ. ಹಣ ಕೊಡುವವರು ಕೇಳಬೇಕಾದ ಪ್ರಶ್ನೆಯೂ ಅಲ್ಲೇ ಇದೆ. ಅಭಿಯಾನದ ಪುಟಗಳಲ್ಲಿ ಸ್ಕ್ಯಾನರಿನ ಬೆಲೆ ಇರುತ್ತದೆ, ಪಯಣದ ಖರ್ಚು ಇರುತ್ತದೆ, ಕೊಟ್ಟವರಿಗೆ ಕಳಿಸುವ ಟೀ ಶರ್ಟಿನ ಅಂಚೆ ವೆಚ್ಚ ಕೂಡ ಇರುತ್ತದೆ. ಹತ್ತು ವರ್ಷದ ಸರ್ವರ್ ಬಾಡಿಗೆ ಎಂಬ ಸಾಲು ಸಾಮಾನ್ಯವಾಗಿ ಇರುವುದಿಲ್ಲ.